ಎರಡನೇ ಕೋಟ್ ಮೊದಲೋ, ರಾಕೆಟ್ ಮೊದಲೋ?

ಪೆರಂಬೂರಿನ ಹಾಸನದವಳು (31 ಡಿಸೆಂಬರ್ 2023, ಸಂಜೆ):
ಹದಿನೆಂಟು ವರ್ಷದಿಂದ ಚೆನ್ನೈನಲ್ಲಿದ್ದೇನೆ. ಈ ತಿಂಗಳ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ಅಡುಗೆಮನೆ ಸೂರು ಸೋರಿ, ಅಕ್ಕಿ ಡಬ್ಬದ ಮೇಲೆ ಬೋಸಿ ಇಟ್ಟು ಎರಡು ರಾತ್ರಿ ಕಳೆದೆವು. ಕೆಲಸದವರು ಇವತ್ತು ನಾಳೆ ಅಂತ ಮೂರು ವಾರ ಆಡಿಸಿದರು. ಕೊನೆಗೆ ನಾವೇ ಕೈ ಹಾಕಿದೆವು. ಬಿರುಕನ್ನು ಉಳಿಯಿಂದ ಬಿಡಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಫಿಲ್ಲರ್ ತುಂಬಿ, ಇವತ್ತು ವಾಟರ್‌ಪ್ರೂಫಿಂಗ್ ಮೊದಲ ಕೋಟ್ ಮುಗಿಯಿತು.

ನಾಳೆ ನಮ್ಮವರಿಗೆ ರಜೆ, ಎರಡನೇ ಕೋಟ್ ಹೊಡೆಯಬೇಕು. ಆದರೆ ಬೆಳಿಗ್ಗೆ 9:10ಕ್ಕೆ ಶ್ರೀಹರಿಕೋಟಾದಿಂದ ಇಸ್ರೋದ ಪಿಎಸ್‌ಎಲ್‌ವಿ ಸಿ58 ರಾಕೆಟ್ ಹಾರುತ್ತದೆ. ಅತ್ತೆಗೆ 81 ವರ್ಷ. ಟಿವಿ ಬೇಡವಂತೆ, ತಾರಸಿಯಿಂದಲೇ ನೋಡಬೇಕಂತೆ. ನಮ್ಮ ಮೆಟ್ಟಿಲು ದಕ್ಷಿಣಕ್ಕೆ, ನೋಡಬೇಕಾದದ್ದು ಉತ್ತರಕ್ಕೆ, ನಡುವೆ ನೀರಿನ ಟ್ಯಾಂಕ್ ಅಡ್ಡ. ಹಸಿ ಕೋಟ್ ಮೇಲೆ ನಡೆಯುವ ಹಾಗಿಲ್ಲ. ಬೆಳಿಗ್ಗೆ ಬೇಗ ಹೊಡೆದುಬಿಡಲಾ?

ಮೈಸೂರು ಪೇಂಟ್ ಅಂಗಡಿ:
ಬೇಡ ಮೇಡಂ. ಇಬ್ಬನಿ ಕೂತ ನೆಲಕ್ಕೆ ಹೊಡೆದರೆ ಪದರ ಹಿಡಿಯುವುದಿಲ್ಲ, ಆಮೇಲೆ ಸಿಪ್ಪೆ ಥರ ಏಳುತ್ತದೆ. ಇವತ್ತು ರಾತ್ರಿ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಬೆಳಿಗ್ಗೆ ಹಾಳೆಯ ಒಳಮೈ ಬೆವರಿದ್ದರೆ ತಾರಸಿ ಒಳಗೆ ಇನ್ನೂ ನೀರಿದೆ ಅಂತ ಲೆಕ್ಕ. ಆಗ ರಾಕೆಟ್ ನೋಡಿ ಸುಮ್ನೆ ಮಲಗಿ. ಒಣಗಿದ್ದರೆ ಬಿಸಿಲು ಬಂದ ಮೇಲೆ ಶುರು ಮಾಡಿ. ಮೊದಲ ಕೋಟ್ ಉದ್ದಕ್ಕೆ ಹೊಡೆದಿದ್ದರೆ ಇದು ಅಡ್ಡಕ್ಕೆ. ಪೈಪು ಸೂರಿಗಿಳಿಯುವ ಮೂಲೆ ಮರೆಯಬೇಡಿ, ಜಾಸ್ತಿ ಸೋರುವುದೇ ಅಲ್ಲಿ.

ಕಡಲ ಕಡೆ ಕಣ್ಣು:
ಮೇಡಂ, ಹಾರಿದ ತಕ್ಷಣ ನಿಮಗೆ ಕಾಣುವುದಿಲ್ಲ. ಕಟ್ಟಡ, ಮಂಜು ದಾಟಿ ಮೇಲೆ ಬರಲು ಅರ್ಧ ನಿಮಿಷವಾದರೂ ಬೇಕು. ಉತ್ತರಕ್ಕೆ ಎದ್ದು ಬಲಕ್ಕೆ, ಸಮುದ್ರದ ಕಡೆ ವಾಲುತ್ತದೆ. ಮೊಬೈಲ್ ನೇರಪ್ರಸಾರ ನಂಬಬೇಡಿ, ಅದು ಕೆಲವು ಸೆಕೆಂಡ್ ಹಿಂದಿರುತ್ತದೆ. ಶಬ್ದವಂತೂ ಅಲ್ಲಿಗೆ ಬರುವುದಿಲ್ಲ. ನಾನು ಒಂದು ಸಲ ಶ್ರೀಹರಿಕೋಟಾ ಹತ್ತಿರದ ಸೂಳ್ಳೂರುಪೇಟೆಯಲ್ಲಿ ನಿಂತು ನೋಡಿದ್ದೆ. ಬೆಂಕಿ ಕಂಡು ಹತ್ತಿರ ಹತ್ತಿರ ಒಂದು ನಿಮಿಷದ ಮೇಲೆ ಗುಡುಗು ಬಂತು. ಕಿಲೋಮೀಟರಿಗೆ 3 ಸೆಕೆಂಡ್ ಲೆಕ್ಕ ಹಾಕಿ, ಸರಿಹೋಗುತ್ತದೆ.

ಅತ್ತೆಯವರಿಗೆ ಇದನ್ನೂ ಹೇಳಿ: ರಾಕೆಟ್ ಒಳಗಿರುವ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ಕಟ್ಟಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಕಪ್ಪು ಕುಳಿ, ನ್ಯೂಟ್ರಾನ್ ನಕ್ಷತ್ರಗಳ ಎಕ್ಸ್-ಕಿರಣ ಅಳೆಯುವುದು ಅದರ ಕೆಲಸ.

ಪೆರಂಬೂರಿನ ಹಾಸನದವಳು (1 ಜನವರಿ, ಮಧ್ಯಾಹ್ನ):
ಹಾಳೆ ಒಣಗಿತ್ತು! 8:55ಕ್ಕೆ ಅತ್ತೆಯನ್ನು ಟ್ಯಾಂಕಿನ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಕೈಯಲ್ಲಿ ಬಿಸಿ ಹುಗ್ಗಿ, ಧನುರ್ಮಾಸ ಅಲ್ವಾ. 9:10 ಆಯಿತು, ಏನೂ ಇಲ್ಲ. ಅತ್ತೆ ನನ್ನನ್ನೇ ಗುರಾಯಿಸಿದರು. ಆಮೇಲೆ ಮಂಜಿನ ಮೇಲೆ ಊದಿನಕಡ್ಡಿ ತುದಿಯಷ್ಟು ಕಿಡಿ, ಅದರ ಹಿಂದೆ ಬಿಳಿ ದಾರ. ಹಾಸನದಲ್ಲಿ ಉಪಗ್ರಹ ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್‌ನ ದೊಡ್ಡ ಆಂಟೆನಾ ಬಟ್ಟಲುಗಳನ್ನು ಬೇಲಿಯಾಚೆಯಿಂದ ನೋಡುತ್ತಾ ಬೆಳೆದವಳು ನಾನು, ಆದರೂ ಮೈ ಜುಮ್ಮೆಂದಿತು. ಕಿಡಿ ಮಾಯವಾದರೂ ಹೊಗೆ ಗಾಳಿಗೆ ಸೊಟ್ಟಗಾಗುತ್ತಾ ಉಳಿದಿತ್ತು. ಅದು ಪೂರ್ತಿ ಕರಗುವ ತನಕ ಅತ್ತೆ ಏಳಲಿಲ್ಲ.

ಅವರನ್ನು ಕೆಳಗಿಳಿಸಿ ಕೋಟ್ ಶುರು ಮಾಡಿದೆವು, ಹನ್ನೊಂದೂವರೆಗೆ ಮುಗಿಯಿತು. ಕೆಳಗೆ ಬಂದ ಮೇಲೆ ಅತ್ತೆ ಕೇಳಿದರು, "ನನ್ನ ಕುರ್ಚಿ?" ನಮ್ಮವರು ಅದರ ಸುತ್ತಲೂ ನೀಟಾಗಿ ಹೊಡೆದುಕೊಂಡು ಬಂದಿದ್ದಾರೆ! ಹುಗ್ಗಿ ಬಟ್ಟಲೂ ಅದರ ಮೇಲೆಯೇ ಇದೆ. ಈಗ ಕಾಗೆ ಕೂತು ತಿನ್ನುತ್ತಿದೆ, ನಾವು ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೇವೆ.