ಪದ ಬೇಕು: ಗೋರಿಕಲ್ಲಿಗೆ ‘ಹಬೆ’ ಸರಿಯಾ? (ಶನಿವಾರದೊಳಗೆ)

ಬೆಟಗೇರಿ ಮೊಮ್ಮಗ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಸಲಹೆ ಬೇಕು. ನಮ್ಮ ಅಜ್ಜಿ ಹೋದ ವರ್ಷ ತೀರಿಕೊಂಡರು, 84 ವರ್ಷ. ವರ್ಷದ ಪ್ರಾರ್ಥನೆಗೆ ಮುಂಚೆ ಕಲ್ಲು ನಿಲ್ಲಿಸಬೇಕು. ಕೆತ್ತುವವರು ಶನಿವಾರದೊಳಗೆ ಬರಹ ಕೊಡಿ ಅಂದಿದ್ದಾರೆ. ಹೆಸರು, ಇಸವಿ ಎಲ್ಲ ಆದ ಮೇಲೆ ಕೆಳಗೆ ಒಂದೇ ಸಾಲಿಗೆ ಜಾಗ ಉಳಿಯುತ್ತದೆ. ಹೆಚ್ಚೆಂದರೆ 16 ಅಕ್ಷರ. ಒತ್ತು ಬಂದರೆ ಅದನ್ನೂ ಒಂದು ಅಕ್ಷರ ಅಂತ ಎಣಿಸಿ ದುಡ್ಡು ಹಾಕುತ್ತಾರೆ, ಅದು ಬೇರೆ ಜಗಳ.

ಅಜ್ಜಿ ಯಾವಾಗಲೂ ಹೇಳುತ್ತಿದ್ದದ್ದು ಯಾಕೋಬ 4:14. ನಾಳೆ ಏನಾಗುತ್ತದೋ ಗೊತ್ತಿಲ್ಲ, ಸ್ವಲ್ಪ ಹೊತ್ತು ಕಾಣಿಸಿಕೊಂಡು ಆಮೇಲೆ ಇಲ್ಲದೆ ಹೋಗುವವರು ನಾವು ಅನ್ನೋ ಮಾತು. ಹಳೇ ಸತ್ಯವೇದದಲ್ಲಿ ಅದು ‘ಹಬೆಯಂತಿದ್ದೀರಷ್ಟೆ’ ಅಂತ ಮುಗಿಯುತ್ತದೆ. ಇಡೀ ವಾಕ್ಯ ಕಲ್ಲಿಗೆ ಹಿಡಿಸೋದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ದೊಡ್ಡಪ್ಪ. ಹಬೆ ಅಂದರೆ ಇಡ್ಲಿ ಪಾತ್ರೆ ನೆನಪಾಗುತ್ತದೆ, ಗೋರಿ ಮೇಲೆ ಬೇಡ, ‘ಬಾಷ್ಪ’ ಹಾಕಿಸು ಅನ್ನುತ್ತಾರೆ. ನನಗೆ ಬಾಷ್ಪ ಅಂದರೆ ಸಿನಿಮಾ ಪೋಸ್ಟರಿನ ಕಣ್ಣೀರು. ಏನು ಮಾಡಲಿ?

ತಿಳಿಗನ್ನಡ:

ಬಾಷ್ಪ ಬೇಡವೇ ಬೇಡ. ಆವಿ. ಎರಡೇ ಅಕ್ಷರ, ಒತ್ತಿಲ್ಲ, ಅಚ್ಚಗನ್ನಡ, ತೆಲುಗಿನಲ್ಲಿ ಆವಿರಿ. ತಮಿಳಿನಲ್ಲಂತೂ ಆವಿ ಅಂದರೆ ಹಬೆಯೂ ಹೌದು, ಉಸಿರೂ ಹೌದು, ಜೀವವೂ ಹೌದು. ನಿಮಗೆ ಬೇಕಾದ ಮೂರೂ ಅರ್ಥ ಒಂದರಲ್ಲೇ ಇವೆ. ಮುಗಿಯಿತು.

ಕೊಡಿಯಾಲ:

ಮುಗಿಯಲಿಲ್ಲ ಮಾರಾಯ್ರೇ. ತಮಿಳು ಕ್ರೈಸ್ತರಿಗೆ ಆವಿ ಅಂದರೆ ಪವಿತ್ರಾತ್ಮದ ‘ಆತ್ಮ’. ಅವರ ಕಿವಿಯಲ್ಲಿ ಅದು ಹಾಗೇ ಕೂತಿದೆ. ‘ನೀವು ಆವಿ’ ಅಂತ ಬರೆದರೆ ಅಲ್ಲಿ ಅರ್ಥವೇ ತಲೆಕೆಳಗು. ನಮ್ಮಲ್ಲಿ ಆವಿಗೆ ಆ ಭಾರ ಇಲ್ಲ, ಒಪ್ಪುತ್ತೇನೆ. ಆದರೆ ಇಲ್ಲದ ಅರ್ಥವನ್ನು ಪಕ್ಕದ ಮನೆಯಿಂದ ತಂದು ಇದು ಅಚ್ಚಗನ್ನಡದ್ದು ಅಂದರೆ ಹೇಗೆ?

ಇನ್ನೊಂದು. ಈ ಚಿತ್ರ ಯಾಕೋಬನಿಗಿಂತ ಹಳೆಯದು. ಪ್ರಸಂಗಿ ಪುಸ್ತಕದ ‘ವ್ಯರ್ಥವೇ ವ್ಯರ್ಥ’ ಇದೆಯಲ್ಲ, ಅಲ್ಲಿ ಮೂಲ ಹೀಬ್ರೂ ಪದ ‘ಹೆವೆಲ್’. ನೇರ ಅರ್ಥ ಉಸಿರು, ಹಬೆ. ಆ ಒಂದು ಪುಸ್ತಕದಲ್ಲೇ 38 ಸಲ ಬರುತ್ತದೆ. ಕಾಯಿನ ಕೊಂದ ತಮ್ಮ ಹೇಬೆಲನ ಹೆಸರೂ ಇದೇ ಪದ. ಮಕ್ಕಳಿಲ್ಲ, ಮಾತಿಲ್ಲ, ನಾಲ್ಕೈದು ವಾಕ್ಯದಲ್ಲಿ ಬಂದು ಹೋಗುತ್ತಾನೆ. ‘ವ್ಯರ್ಥ’ ಅಂತ ಮಾಡಿದಾಗ ಈ ಹಬೆ ಪೂರ್ತಿ ಆರಿಹೋಯಿತು.

ಹಳೆಪುಟ:

ಹೆವೆಲ್, ಹೇಬೆಲ್, ಹಬೆ! ಯಾರಿಗೂ ಕಾಣಿಸುತ್ತಿಲ್ವಾ? ಹ ಮತ್ತು ಬ ಎರಡೂ ಕಡೆ ಇವೆ, ಕೊನೆಯ ಲ ಬಿದ್ದಿದೆ. ಮಲಬಾರಿಗೆ ಯೆಹೂದ್ಯರು ಹಡಗಿನಲ್ಲಿ ಬಂದವರು. ಪದಗಳೂ ಬಂದಿರಬೇಕು. ಇದರ ಬಗ್ಗೆ 2 ವರ್ಷದ ಹಿಂದೆ ಇಲ್ಲೇ ಬರೆದಿದ್ದೆ, ಒಬ್ಬರೂ ಉತ್ತರ ಕೊಡಲಿಲ್ಲ.

ತಿಳಿಗನ್ನಡ:

ಕೊಡಬೇಕಾದ್ದಿರಲಿಲ್ಲ. ಹಬೆ ನಮ್ಮದೇ ಪದವಾದರೆ ಅದರ ಹಕಾರ ಒಂದು ಕಾಲಕ್ಕೆ ಪಕಾರ ಆಗಿರಬೇಕು, ಪಾಲು ಹಾಲಾದ ಹಾಗೆ. ಆಗ ನಿಮ್ಮ ಹೀಬ್ರೂ ಹಕಾರ ಎಲ್ಲಿಗೆ ಹೋಗಿ ಅಂಟಿಕೊಂಡಿತು? ಎರಡು ವ್ಯಂಜನ ಸೇರಿದ್ದಕ್ಕೆಲ್ಲ ನೆಂಟಸ್ತನ ಕಟ್ಟಬೇಡಿ.

ಖಣದೂರು:

ನಾನು ಗುಳೇದಗುಡ್ಡದವ, ಮಗ್ಗದ ಮನೆ. ನೀವೆಲ್ಲ ಹಬೆ ಹಿಡಿದು ಕೂತಿದ್ದೀರಿ, ಯೋಬ 7:6 ಯಾಕೆ ಬೇಡ? ನನ್ನ ದಿನಗಳು ಲಾಳಿಗಿಂತ ಬೇಗ ಓಡುತ್ತವೆ ಅನ್ನುತ್ತಾನೆ. ಬೆಟಗೇರಿಯವರಿಗೆ ಲಾಳಿ ಗೊತ್ತಿಲ್ವಾ? ಕುಣಿ ಮಗ್ಗದಲ್ಲಿ ಕೂತು ನೋಡಿದವರಿಗೆ ಗೊತ್ತು, ಲಾಳಿ ಆ ಕಡೆಯಿಂದ ಈ ಕಡೆಗೆ ಬರುವಾಗ ಕಣ್ಣಿಗೆ ಸಿಕ್ಕೋದಿಲ್ಲ, ಟಕ್ ಅನ್ನೋದಷ್ಟೇ ಕೇಳುತ್ತದೆ. ನಮ್ಮ ಸಭಾಪಾಲಕರು ಒಮ್ಮೆ ಹೇಳಿದ್ದು: ಆ ವಾಕ್ಯದ ಕೊನೆಗೆ ‘ನಿರೀಕ್ಷೆಯಿಲ್ಲದೆ ಮುಗಿಯುತ್ತವೆ’ ಅಂತ ಬರುತ್ತದಲ್ಲ, ಆ ನಿರೀಕ್ಷೆಗೆ ಹೀಬ್ರೂವಿನಲ್ಲಿ ‘ತಿಕ್ವಾ’ ಅನ್ನುತ್ತಾರೆ, ಅದಕ್ಕೆ ನೂಲು, ಹುರಿ ಅಂತಲೂ ಅರ್ಥ. ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ಹುರಿಗೂ ಅದೇ ಪದ. ಅಂದರೆ ಹೊಕ್ಕಿನ ನೂಲು ತೀರಿತು ಅಂತ. ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೂ ಅಲ್ಲದೆ 84 ವರ್ಷ ಬಾಳಿದ ಹೆಣ್ಣುಮಗಳನ್ನು ಹಬೆ ಅನ್ನೋದು ನನಗೆ ಸರಿ ಕಾಣೋದಿಲ್ಲ.

ಕೊಡಿಯಾಲ:

ಕೀರ್ತನೆ 90ರ ಲೆಕ್ಕದಲ್ಲಿ ಅಜ್ಜಿಗೆ ಮೇಲೆ ನಾಲ್ಕು ವರ್ಷ ಸಿಕ್ಕಿದೆ: ಎಪ್ಪತ್ತು, ಗಟ್ಟಿಯಿದ್ದರೆ ಎಂಬತ್ತು. ಆದರೆ ಅದೇ ಕೀರ್ತನೆ ದೇವರ ಕಣ್ಣಿಗೆ ಸಾವಿರ ವರ್ಷ ರಾತ್ರಿಯ ಒಂದು ಜಾವ ಅನ್ನುತ್ತದೆ. ಆ ಕಾಲದ ಹೀಬ್ರೂ ಜನರಿಗೆ ಇರುಳಿಗೆ ಮೂರೇ ಜಾವ, ನಮ್ಮದು ನಾಲ್ಕು, ಹಾಗಾಗಿ ಅವರ ಜಾವ ಸ್ವಲ್ಪ ಉದ್ದ. ಎಷ್ಟು ಉದ್ದ ಮಾಡಿದರೂ 84ಕ್ಕೆ ಅದರಲ್ಲಿ ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಅನ್ಯಾಯ ಏನಿಲ್ಲ.

ತಿಳಿಗನ್ನಡ:

ವಿಷಯ ಎಲ್ಲೋ ಹೋಗುತ್ತಿದೆ. ನನ್ನ ಆಕ್ಷೇಪ ಸರಳ. ಕ್ರೈಸ್ತ ಕನ್ನಡದಲ್ಲಿ ಸಂಸ್ಕೃತದ ಹೊರೆ ಜಾಸ್ತಿ. ಜೀವಮಾನ, ಆಯುಷ್ಕಾಲ, ವ್ಯರ್ಥ, ಕ್ಷಣಿಕ. ಬಾಳು ಅನ್ನಲು ಏನು ಕಷ್ಟ? ಬೂದಿ ಬುಧವಾರ ಅನ್ನುವ ಬದಲು ‘ವಿಭೂತಿ ಬುಧವಾರ’ ಅನ್ನುತ್ತಾರೆ. ಗೋರಿಯಂಥ ಒಳ್ಳೆಯ ಕನ್ನಡ ಪದ ಇರುವಾಗ ‘ಸಮಾಧಿ’ ಅನ್ನುತ್ತಾರೆ.

ಕೊಡಿಯಾಲ:

ಗೋರಿ ಪಾರಸಿ. ‘ಗೋರ್’.

ತಿಳಿಗನ್ನಡ:

ಇರಬಹುದು. ಕನ್ನಡಕ್ಕೆ ಬಂದು ತುಂಬಾ ಕಾಲವಾಯಿತು.

ಕೊಡಿಯಾಲ:

ಸಂಸ್ಕೃತ ನಿನ್ನೆ ಬಂತಾ?

ಇದು ನಿಮ್ಮ ಹಳೇ ಚಾಳಿ. ನಿಮಗೆ ಇಷ್ಟವಾದ ಎರವಲು ಕನ್ನಡ, ಇಷ್ಟವಾಗದ್ದು ಹೊರೆ. ನಮ್ಮ ಮನೆಯಲ್ಲಿ ಇಗರ್ಜಿ ಪೋರ್ಚುಗೀಸರದ್ದು, ಪಾದ್ರಿ ಅವರದ್ದೇ, ಶಿಲುಬೆ ಸಿರಿಯಾದ ಕಡೆಯಿಂದ ಕೇರಳ ಸುತ್ತಿ ಬಂದದ್ದು. ಯಾವುದನ್ನು ಆಚೆ ಹಾಕೋಣ ಹೇಳಿ. ಬೂದಿ ಬುಧವಾರ ನನಗೂ ಇಷ್ಟ, ಆದರೆ ಕಾರಣ ಬೇರೆ. ಹೋದ ವರ್ಷದ ಗರಿಗಳ ಭಾನುವಾರಕ್ಕೆ ಕೈಯಲ್ಲಿ ಹಿಡಿದ ಗರಿಯನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ. ಮನೆಯಲ್ಲಿ ಶಿಲುಬೆ ಹಿಂದೆ ಸಿಕ್ಕಿಸಿ ಒಣಗಿದ ಗರಿ ಅದು, ಒಲೆ ಬೂದಿಯ ಹಾಗೇ ಕಾಣುತ್ತದೆ. ವಿಭೂತಿ ಅಂದರೆ ಬಿಳಿ ಗಟ್ಟಿ ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಬೂದಿ. ಅಚ್ಚಗನ್ನಡ ಅಂತಲ್ಲ.

ಹಳೆಪುಟ:

ಹಾಗಾದರೆ ಹೀಬ್ರೂವಿನಿಂದ ಮಾತ್ರ ಏನೂ ಬರಬಾರದು ಅಂತ ಇದೆಯಾ?

ಕಾಫಿತೋಟ:

ನಡುವೆ ಬಾಯಿ ಹಾಕುತ್ತಿದ್ದೇನೆ, ಯಾಕೆಂದರೆ ಶನಿವಾರ ಬರುತ್ತಿದೆ, ಪಾಪ ಆ ಹುಡುಗನಿಗೆ ಇನ್ನೂ ಸಾಲು ಸಿಕ್ಕಿಲ್ಲ. ಸ್ವಲ್ಪ ಗ್ರೀಕ್ ಓದಿದ್ದೇನೆ. ಯಾಕೋಬನ ಪದ ‘ಅಟ್ಮಿಸ್’. ಅಪೊಸ್ತಲರ ಕೃತ್ಯಗಳು 2:19ರಲ್ಲಿ ಹೊಗೆಯ ಜೊತೆಗೆ ಬರೋದೂ ಇದೇ ಪದ. ಹಬೆ, ಆವಿ ಯಾವುದಾದರೂ ನಡೆಯುತ್ತದೆ. ನೀವು ಇಷ್ಟು ಹೊತ್ತು ಹೊಡೆದಾಡಿದ್ದು ನಾಮಪದಕ್ಕೆ. ಆ ವಾಕ್ಯದ ಕಸುಬು ಇರೋದು ಕ್ರಿಯಾಪದದಲ್ಲಿ. ‘ಫೈನೊಮೆನೆ’ ಅಂದರೆ ಕಾಣುತ್ತಾ, ಕೂಡಲೇ ‘ಅಫನಿಜೊಮೆನೆ’ ಅಂದರೆ ಕಾಣದಾಗುತ್ತಾ. ಒಂದೇ ಬೇರು. ಎರಡನೆಯದರ ಮುಂದೆ ಒಂದು ಅಕಾರ ಬಂದದ್ದೇ ತಡ, ಇದ್ದದ್ದು ಇಲ್ಲ. ಕನ್ನಡದಲ್ಲಿ ಇದು ಕಷ್ಟಪಡದೆ ಬರುತ್ತದೆ: ಕಂಡು, ಕಾಣದಾಗು. ‘ಪ್ರತ್ಯಕ್ಷವಾಗಿ ಮಾಯವಾಗುವ’ ಅಂದರೆ ಬೇರು ಎರಡಾಗುತ್ತದೆ, ಆಟ ಕೆಡುತ್ತದೆ. ತಿಳಿಗನ್ನಡ ಸರ್, ಇಲ್ಲಿ ನಾನು ನಿಮ್ಮ ಕಡೆ, ಖುಷಿಪಡಿ.

ಹೀಗೆ ಹಾಕಿಸಿ: ಕೊಂಚ ಹೊತ್ತು ಕಂಡು ಕಾಣದಾಗುವ ಹಬೆ

‘ನೀವು’ ಬೇಡ. ಯಾಕೋಬನ ಪತ್ರದಲ್ಲಿ ಅದು ಇಂಥ ಊರಿಗೆ ಹೋಗುತ್ತೇವೆ, ಒಂದು ವರ್ಷ ವ್ಯಾಪಾರ ಮಾಡುತ್ತೇವೆ, ಲಾಭ ಹೊಡೆಯುತ್ತೇವೆ ಅನ್ನುವವರಿಗೆ ಹೇಳಿದ ಬೈಗುಳ. ‘ಹಬೆಯಂತಿದ್ದೀರಷ್ಟೆ’ಯಲ್ಲಿನ ಆ ‘ಅಷ್ಟೆ’ಯೂ ಅದಕ್ಕೇ ಚುರುಕ್ ಅನ್ನುತ್ತದೆ. ಅಜ್ಜಿಯ ಕಲ್ಲಿನಿಂದ ಬಂದವರಿಗೆಲ್ಲ ಬೈಸಬೇಡಿ.

ದೊಡ್ಡಪ್ಪನವರಿಗೆ ಇಡ್ಲಿ ಪಾತ್ರೆ ಬಿಟ್ಟು ಬೇರೆ ಹಬೆ ತೋರಿಸಿ. ನಮ್ಮ ಸಕಲೇಶಪುರದ ಕಡೆ ಜನವರಿಯಲ್ಲಿ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಎತ್ತಿನ ಮೂಗಿನಿಂದ ಬುಸ್ ಅಂತ ಒಂದು ಬಿಳೀ ಉಂಡೆ ಬರುತ್ತದೆ, ಕೊಂಬಿನವರೆಗೂ ಏರೋದಿಲ್ಲ, ಅಷ್ಟರಲ್ಲಿ ಹೋಗಿರುತ್ತದೆ. ಉಸಿರು ಕಣ್ಣಿಗೆ ಕಾಣೋದು ಆವಾಗ ಮಾತ್ರ. ಅದನ್ನು ನಾವು ಹಬೆ ಅಂತಲೇ ಅನ್ನೋದು. ಆವಿ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ತಿಳಿಗನ್ನಡ:

ಸಾಲು ಚೆನ್ನಾಗಿದೆ. ಆವಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಖಣದೂರು:

ಲಾಳಿ ಹೋಯಿತು ಹಾಗಾದರೆ. ಇರಲಿ. ನನ್ನ ಕಲ್ಲಿಗೆ ಇಟ್ಟುಕೊಳ್ಳುತ್ತೇನೆ.

ಬೆಟಗೇರಿ ಮೊಮ್ಮಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಫಿತೋಟ ಮೇಡಂ ಹೇಳಿದ ಸಾಲನ್ನೇ ಕೊಟ್ಟು ಬಂದೆ. ದೊಡ್ಡಪ್ಪನಿಗೆ ಎತ್ತಿನ ಮೂಗಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು, ಆಮೇಲೆ ಚಳಿಗಾಲದಲ್ಲಿ ಅಜ್ಜಿ ಬೆಳಗಿನ ಪ್ರಾರ್ಥನೆ ಮಾಡುವಾಗ ಬಾಯಿಂದ ಹಾಗೇ ಬರುತ್ತಿತ್ತು ಅಂದರು. ಬಾಷ್ಪದ ಮಾತು ಮತ್ತೆ ಎತ್ತಲಿಲ್ಲ. ಕೆತ್ತುವವರು ಕಾಗದದ ಮೇಲೆ ಬೆರಳಿಟ್ಟು ಎಣಿಸಿದರು. ನನ್ನ ಲೆಕ್ಕಕ್ಕೆ 13, ಅವರ ಲೆಕ್ಕಕ್ಕೆ 14. ‘ಹೊತ್ತು’ವಿನ ಒತ್ತಿಗೆ ದುಡ್ಡು ಕೊಟ್ಟೆ.

ಲಾಳಿ ನನಗೂ ಆಸೆಯಿತ್ತು ಸರ್. ಅಜ್ಜ ಮಗ್ಗದಲ್ಲಿ ಇದ್ದವರೇ. ಆದರೆ ಅವರ ಕಲ್ಲಿನಲ್ಲಿ ಜಾಗ ಉಳಿದಿಲ್ಲ.

ಹಳೆಪುಟ:

‘ಕೊಂಚ’ದ ಮೂಲ ಯಾರಾದರೂ ನೋಡಿದ್ದೀರಾ? ತಮಿಳಿನ ಕೊಂಜಂ ಇದೆ, ಸರಿ, ಆದರೆ ನನಗೆ ಇನ್ನೊಂದು ಅನುಮಾನ ಇದೆ

ತಿಳಿಗನ್ನಡ:

ಬೇರೆ ಓಲೆ ತೆಗೆಯಿರಿ.