ಪದಚರ್ಚೆ: ‘ನಾರ್ಸಿಸಿಸಂ’ಗೆ ‘ಆತ್ಮರತಿ’ ಒಪ್ಪುತ್ತದೆಯೇ?

ಮಾನ್ಯರೇ,

ಕುಟುಂಬ ಸಮಾಲೋಚನೆಯ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ನಾರ್ಸಿಸಿಸಂ’ಗೆ, ಅಂದರೆ ತನಗೆ ತಾನೇ ಮರುಳಾಗಿ ಸದಾ ಇತರರ ಹೊಗಳಿಕೆಗೆ ಹಸಿದಿರುವ ಸ್ವಭಾವಕ್ಕೆ, ನಮ್ಮ ಬರಹಗಾರರು ಸಾಮಾನ್ಯವಾಗಿ ‘ಆತ್ಮರತಿ’ ಎನ್ನುತ್ತಾರೆ. ಆ ಪದ ಬಳಸಲು ನನಗೆ ಮನಸ್ಸೊಪ್ಪುತ್ತಿಲ್ಲ.

‘ಆತ್ಮರತಿ’ ಹಳೆಯ ಪದ. ಛಾಂದೋಗ್ಯ, ಮುಂಡಕ ಉಪನಿಷತ್ತುಗಳಲ್ಲಿ ಅದು ತನ್ನ ಆತ್ಮದಲ್ಲೇ ಆನಂದ ಕಾಣುವ ಜ್ಞಾನಿಯ ಲಕ್ಷಣ. ಗೀತೆಯ 3ನೇ ಅಧ್ಯಾಯದ 17ನೇ ಶ್ಲೋಕ ‘ಯಸ್ತ್ವಾತ್ಮರತಿರೇವ ಸ್ಯಾತ್’ ಎಂದು ತೊಡಗುತ್ತದೆ. ಅಂಥವನಿಗೆ ಯಾವ ಜೀವಿಯಿಂದಲೂ ಆಗಬೇಕಾದದ್ದು ಏನೂ ಇಲ್ಲ ಎಂದು ಮರುಶ್ಲೋಕ ಹೇಳುತ್ತದೆ. ನಾರ್ಸಿಸಿಸ್ಟನ ಪಾಡು ಇದಕ್ಕೆ ತದ್ವಿರುದ್ಧ. ಅವನಿಗೆ ಎಲ್ಲರಿಂದಲೂ ಆಗಬೇಕು. ಹೊಗಳುವವರಿಲ್ಲದ ದಿನ ಅವನಿಗೆ ಅನ್ನ ಇಳಿಯದು. ಇಬ್ಬರಿಗೂ ಒಂದೇ ಪದವನ್ನು ಅಂಟಿಸುವುದು ಜ್ಞಾನಿಗೂ ಅನ್ಯಾಯ, ಓದುಗರಿಗೂ ಅನ್ಯಾಯ.

ಮೂಲದ ಕಥೆಯನ್ನಾದರೂ ನೋಡಿ. ರೋಮಿನ ಕವಿ ಓವಿಡ್ ಹೇಳುವ ನಾರ್ಸಿಸಸ್ ಮರುಳಾದದ್ದು ನೀರಿನಲ್ಲಿ ಕಂಡ ಬಿಂಬಕ್ಕೆ. ಅದು ತನ್ನದೇ ಎಂಬುದು ಮೊದಲಿಗೆ ಅವನಿಗೆ ತಿಳಿಯುವುದೂ ಇಲ್ಲ. ಹಾಗಾಗಿ ನನ್ನ ಒಲವು ‘ಬಿಂಬಮೋಹ’, ‘ಬಿಂಬಮೋಹಿ’ ಎಂಬ ರೂಪಗಳ ಕಡೆಗಿದೆ. ಹೆಣ್ಣಿಗೂ ಗಂಡಿಗೂ ಒಂದೇ ರೂಪ ಸಲ್ಲುತ್ತದೆ ಎಂಬ ಅನುಕೂಲವೂ ಉಂಟು. ‘ಜಂಬ’, ‘ಒಣಪ್ರತಿಷ್ಠೆ’ ಇಲ್ಲಿಗೆ ಸಾಲುವುದಿಲ್ಲ, ಏಕೆಂದರೆ ಇದು ಮನೋವೈದ್ಯರ ಪರಿಭಾಷೆಯೂ ಹೌದು. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1914ರಲ್ಲಿ ಈ ವಿಷಯದ ಮೇಲೆ ಪ್ರಬಂಧವನ್ನೇ ಬರೆದ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ವ್ಯಕ್ತಿತ್ವದ ದೋಷಗಳ ಸಾಲಿಗೆ ಸೇರಿಸಿತು. ಈಗಿನ ಕೈಪಿಡಿಯಂತೆ 9 ಲಕ್ಷಣಗಳಲ್ಲಿ 5 ಆದರೂ ಕಾಣಬೇಕು, ಅದನ್ನು ತಜ್ಞರೇ ನಿರ್ಣಯಿಸಬೇಕು. ಸಿಟ್ಟು ಬಂದಾಗ ಕಂಡವರ ಮೇಲೆ ಎಸೆಯುವ ಬೈಗುಳವಾಗಿ ‘ನಾರ್ಸಿಸಿಸ್ಟ್’ ಎಂಬ ಪದ ಸವೆಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನೂ ಕಷ್ಟವಾದದ್ದು ಹೊರಗಿನ ವರ್ಚಸ್ಸಿಗೂ ಒಳಗಿನ ಮನುಷ್ಯನಿಗೂ ನಡುವಿನ ಬಿರುಕನ್ನು ಹೆಸರಿಸುವುದು. ಹೊತ್ತಗೆಯಲ್ಲೊಂದು ಪ್ರಸಂಗ: ಸಾರು ಆರಿದೆಯೆಂದು ಗಂಡ ತಟ್ಟೆಯನ್ನು ಗೋಡೆಗೆ ಎಸೆಯುತ್ತಾನೆ. ಅಷ್ಟರಲ್ಲಿ ಕರೆಗಂಟೆ ಸದ್ದಾಗುತ್ತದೆ. ಬಾಗಿಲು ತೆರೆಯುವಷ್ಟರಲ್ಲಿ ಅವನ ದನಿ ಜೇನಾಗಿರುತ್ತದೆ. ನೆರೆಯವರನ್ನು ಕೈಹಿಡಿದು ಒಳಗೆ ಕರೆಯುತ್ತಾನೆ, ಕಾಫಿ ಕುಡಿದೇ ಹೋಗಬೇಕೆಂದು ಒತ್ತಾಯಿಸುತ್ತಾನೆ. ಹೆಂಡತಿ ಸೆರಗಿನಿಂದ ಗೋಡೆ ಒರೆಸುತ್ತಿರುತ್ತಾಳೆ. ಇವನನ್ನು ‘ಡಾಂಭಿಕ’, ‘ಸೋಗಲಾಡಿ’, ‘ಆಷಾಢಭೂತಿ’ ಎನ್ನೋಣವೆಂದರೆ, ಆ ಪದಗಳಲ್ಲಿ ತಿಳಿದೂ ಮಾಡುವ ವಂಚನೆಯ ಅರ್ಥವಿದೆ. ಇವನೋ ಬಾಗಿಲಲ್ಲಿ ನಿಂತ ಆ ಸಜ್ಜನನೇ ತಾನು ಎಂದು ಮನಸಾರೆ ನಂಬಿದ್ದಾನೆ. ಗೋಡೆಯ ಕಲೆಯನ್ನು ನೆನಪಿಸಿದವಳು ಅವನ ಕಣ್ಣಿಗೆ ಸುಳ್ಳಿ.

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ನಮ್ಮ ಗಾದೆ ಈ ಬಿರುಕಿಗೆ ಯಾವ ಪಾರಿಭಾಷಿಕ ಪದಕ್ಕಿಂತಲೂ ಹತ್ತಿರ ಬರುತ್ತದೆ. ಅದು ಹೊಸ್ತಿಲ ಒಳಗಿನಿಂದ ನೋಡಿದವರ ಮಾತು, ಅಂದರೆ ಯಾರೂ ನಂಬದವರ ಮಾತು. ಅಧ್ಯಾಯದ ತಲೆಬರಹಕ್ಕೆ ಅದನ್ನೇ ಇಡಬೇಕೆಂದಿದ್ದೇನೆ.

‘ಬಿಂಬಮೋಹ’ ಓದಿದ ಕೂಡಲೇ ಅರ್ಥವಾಗುತ್ತದೆಯೇ, ವಿವರಣೆ ಬೇಡುತ್ತದೆಯೇ ತಿಳಿಸಿ. ಧಾರವಾಡ, ಕರಾವಳಿ, ಮಲೆನಾಡಿನ ಕಡೆ ಇಂಥವರಿಗೆ ಮನೆಯ ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಪದಗಳೇನಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಿಘಂಟಿಗೆ ಹತ್ತದವು ಇದ್ದರೆ ಇನ್ನೂ ಒಳ್ಳೆಯದು.