ಟೆಟ್ರಾಫೀನೈಲ್‌ಜರ್ಮೇನ್ 300 ಡಿಗ್ರಿ ದಾಟಿದರೂ ಪೂರ್ತಿ ಕರಗುತ್ತಿಲ್ಲ, ಎಲ್ಲಿ ತಪ್ಪಿದೆ?

ಬೆಳಗಾವಿ_ಪುಣೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಸಿಲಿಕಾನ್ ಕೆಲಸ ಅಭ್ಯಾಸ ಇದೆ, ಜರ್ಮೇನಿಯಂ ಇದೇ ಮೊದಲು. ಮಾಡಲು ಹೊರಟದ್ದು ಟೆಟ್ರಾಫೀನೈಲ್‌ಜರ್ಮೇನ್, ಅಂದರೆ ಒಂದು ಜರ್ಮೇನಿಯಂಗೆ ನಾಲ್ಕು ಫೀನೈಲ್ (ಬೆಂಜೀನ್ ಉಂಗುರ) ಸೇರಿದ ಸಂಯುಕ್ತ.

ಮಾಡಿದ್ದು ಇಷ್ಟು. 1.82 ಗ್ರಾಂ ಮೆಗ್ನೀಷಿಯಂ, 7.85 ಗ್ರಾಂ ಬ್ರೋಮೋಬೆಂಜೀನ್, ಒಣ ಈಥರ್‌ನಲ್ಲಿ ಗ್ರಿನ್ಯಾರ್ಡ್ (ಫೀನೈಲ್ ಗುಂಪನ್ನು ಒಯ್ದು ಸೇರಿಸುವ ಮೆಗ್ನೀಷಿಯಂ ಸಂಯುಕ್ತ). ತಣ್ಣಗೆ ಮಾಡಿ ಅದೇ ಫ್ಲಾಸ್ಕಿಗೆ 2.14 ಗ್ರಾಂ ಜರ್ಮೇನಿಯಂ ಟೆಟ್ರಾಕ್ಲೋರೈಡ್ ಹನಿಹನಿಯಾಗಿ ಬಿಟ್ಟೆ. ಆಮೇಲೆ ಈಥರ್ ತೆಗೆದು ಟಾಲೀನ್ ಹಾಕಿ 4 ಗಂಟೆ ರಿಫ್ಲಕ್ಸ್ (ಆವಿ ಹೊರಹೋಗದಂತೆ ಕುದಿಸುವುದು). ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮುಗಿಸಿ, ಬಂದ ಪುಡಿಯನ್ನು ಆಲ್ಕೋಹಾಲ್‌ನಲ್ಲಿ ತೊಳೆದೆ. 3.3 ಗ್ರಾಂ ಬಿಳಿ ಪುಡಿ ಸಿಕ್ಕಿತು. ಖುಷಿಯಾಯಿತು.

ಖುಷಿ ಮೆಲ್ಟಿಂಗ್ ಪಾಯಿಂಟ್ ನೋಡುವವರೆಗೆ ಮಾತ್ರ. ಸುಮಾರು 232 ಇರಬೇಕು ಅಲ್ವಾ? ಕ್ಯಾಪಿಲರಿಯಲ್ಲಿ 215ಕ್ಕೆ ಒದ್ದೆಯಾದ ಹಾಗೆ ಕಾಣಿಸಿತು. 230 ದಾಟಿದ ಮೇಲೆ ಪಾರದರ್ಶಕ ದ್ರವ, ಅದರೊಳಗೆ ಅಕ್ಕಿ ನುಚ್ಚಿನಂತೆ ಬಿಳಿ ಕಣಗಳು. 300ಕ್ಕೆ ಬಂದರೂ ಆ ಕಣಗಳು ಕರಗಲಿಲ್ಲ, ನಿಲ್ಲಿಸಿಬಿಟ್ಟೆ.

ಕಾರ್ಬನ್ ಎನ್‌ಎಂಆರ್‌ನಲ್ಲಿ (ಬೇರೆ ಬೇರೆ ತರಹದ ಕಾರ್ಬನ್‌ಗೆ ಬೇರೆ ಗೆರೆ ತೋರಿಸುವ ಪರೀಕ್ಷೆ) ಫೀನೈಲ್‌ನ ನಾಲ್ಕು ಗೆರೆಗಳು, ಪಕ್ಕದಲ್ಲಿ ಅಷ್ಟೇ ಹತ್ತಿರ ಇನ್ನೂ ಸಣ್ಣ ಗೆರೆಗಳು. ಮಾಸ್‌ನಲ್ಲಿ (ಅಣುಚೂರುಗಳ ತೂಕ ಅಳೆಯುವ ಪರೀಕ್ಷೆ) 305ರ ಗುಂಪು ದೊಡ್ಡದಾಗಿ ಬಂದಿದೆ. 500ರವರೆಗೆ ಮಾತ್ರ ಸ್ಕ್ಯಾನ್ ಮಾಡಿದ್ದೆ. ಹೋದ ತಿಂಗಳು ಇದೇ ರೀತಿ ಟೆಟ್ರಾಫೀನೈಲ್‌ಸಿಲೇನ್ ಮಾಡಿದಾಗ ಇಳುವರಿ ಕಡಿಮೆ ಇತ್ತು, ಆದರೆ 236ಕ್ಕೆ ನೀಟಾಗಿ ಕರಗಿತ್ತು. ಎರಡು ರಾತ್ರಿ ಇದೇ ಯೋಚನೆ. ದಯವಿಟ್ಟು ದಾರಿ ತೋರಿಸಿ.

ಮಡಗಾಂವ್_ಲ್ಯಾಬ್

ಜುಲೈ ಮಳೆ ಅಲ್ವಾ, ತೇವ ಸೇರಿರಬಹುದು. ಟೆಟ್ರಾಕ್ಲೋರೈಡ್ ಬಾಟಲಿ ತೆರೆದಾಗ ಬಿಳಿ ಹೊಗೆ ಬಂತಾ? ನೀರು ಸಿಕ್ಕರೆ ಅದು ಜರ್ಮೇನಿಯಂ ಡೈಆಕ್ಸೈಡ್ ಆಗುತ್ತದೆ, ಅದು ಈ ಶಾಖಕ್ಕೆ ಕರಗುವುದೇ ಇಲ್ಲ. ಜರ್ಮೇನಿಯಂ–ಆಕ್ಸಿಜನ್–ಜರ್ಮೇನಿಯಂ ಸೇತುವೆ ಇರುವ ಆಕ್ಸೈಡ್ ಕೂಡ ಆಗಿರಬಹುದು. ಐಆರ್ (ಅವಕೆಂಪು ರೋಹಿತ) ತೆಗೆದು 850ರ ಹತ್ತಿರ ನೋಡಿ, ಆ ಸೇತುವೆ ಇದ್ದರೆ ಅಲ್ಲಿ ಪಟ್ಟಿ ಕಾಣುತ್ತದೆ.

ಬೆಳಗಾವಿ_ಪುಣೆ

ಸಿರಿಂಜ್‌ನಲ್ಲಿ ನೈಟ್ರೋಜನ್ ಕೆಳಗೆ ತೆಗೆದದ್ದು ಸರ್, ಹೊಗೆ ಅಷ್ಟಾಗಿ ಬರಲಿಲ್ಲ. ಐಆರ್ ಈಗಷ್ಟೇ ನೋಡಿದೆ, 850ರಲ್ಲಿ ದಪ್ಪ ಪಟ್ಟಿ ಏನೂ ಇಲ್ಲ.

ಮಾಟುಂಗಾ_ಹಳಬ

ಸೇತುವೆ ಆಕ್ಸೈಡ್ ಅಲ್ಲಮ್ಮಾ. ಆ ಆಕ್ಸೈಡ್, ಅಂದರೆ ಹೆಕ್ಸಾಫೀನೈಲ್‌ಡೈಜರ್ಮೋಕ್ಸೇನ್, 184ರ ಹತ್ತಿರ ಕರಗುತ್ತದೆ, 300ಕ್ಕೆ ನಿಲ್ಲುವುದಿಲ್ಲ. ಡೈಆಕ್ಸೈಡ್ ಆಗಿದ್ದರೆ ಕ್ಲೋರೋಫಾರ್ಮ್‌ನಲ್ಲಿ ಕರಗುತ್ತಲೇ ಇರಲಿಲ್ಲ, ನಿಮಗೆ ಎನ್‌ಎಂಆರ್‌ನಲ್ಲಿ ಎರಡನೇ ಗುಂಪು ಗೆರೆಗಳು ಕಾಣುತ್ತಿರಲಿಲ್ಲ.

ನಿಮ್ಮ ಲೆಕ್ಕ ನೋಡಿ. ಮೆಗ್ನೀಷಿಯಂ 75 ಮಿಲಿಮೋಲ್, ಬ್ರೋಮೋಬೆಂಜೀನ್ 50. ಗ್ರಿನ್ಯಾರ್ಡ್ ಪೂರ್ತಿ ಆದರೂ 0.6 ಗ್ರಾಂ ಲೋಹ ತಳದಲ್ಲೇ ಉಳಿಯುತ್ತದೆ. ಅದನ್ನು ಸೋಸದೆ ಅದೇ ಫ್ಲಾಸ್ಕಿಗೆ ಟೆಟ್ರಾಕ್ಲೋರೈಡ್ ಬಿಟ್ಟಿದ್ದೀರಿ. ಕೆಡಿಸಿದ್ದು ಅದೇ.

ಮೂರು ಫೀನೈಲ್ ಸೇರುವುದು ಬೇಗ, ನಾಲ್ಕನೆಯದು ನಿಧಾನ. ಹಾಗಾಗಿ ಟ್ರೈಫೀನೈಲ್‌ಜರ್ಮೇನಿಯಂ ಕ್ಲೋರೈಡ್ ಫ್ಲಾಸ್ಕಿನಲ್ಲಿ ಸ್ವಲ್ಪ ಹೊತ್ತು ಕಾಯುತ್ತಾ ನಿಂತಿರುತ್ತದೆ. ಅಷ್ಟರಲ್ಲಿ ಲೋಹದ ಮೆಗ್ನೀಷಿಯಂ ಅದನ್ನು ಹಿಡಿದು ಜರ್ಮೈಲ್ ಮೆಗ್ನೀಷಿಯಂ ಮಾಡುತ್ತದೆ. ಅದು ಇನ್ನೊಂದು ಕ್ಲೋರೈಡಿನ ಮೇಲೆ ಬಿದ್ದರೆ ಎರಡು ಜರ್ಮೇನಿಯಂ ಕೈ ಹಿಡಿದುಕೊಳ್ಳುತ್ತವೆ: ಹೆಕ್ಸಾಫೀನೈಲ್‌ಡೈಜರ್ಮೇನ್. ಅದು ಕರಗುವುದು 340ರ ಆಸುಪಾಸು. ನಿಮ್ಮ ನುಚ್ಚು ಇದೇ.

ಎನ್‌ಎಂಆರ್ ಏಕೆ ಗೊಂದಲ ಮಾಡಿತು ಅಂದರೆ, ಎರಡರಲ್ಲೂ ಫೀನೈಲ್‌ಗಳೆಲ್ಲ ಒಂದೇ ತರಹ. ಎರಡೂ ನಾಲ್ಕು ನಾಲ್ಕು ಗೆರೆ ಕೊಡುತ್ತವೆ, ಅದೂ ಅಕ್ಕಪಕ್ಕ. ಮಾಸ್‌ನ 305 ಕೂಡ ಎರಡರಿಂದಲೂ ಬರುತ್ತದೆ, ಅದು ಟ್ರೈಫೀನೈಲ್‌ಜರ್ಮೇನಿಯಂ ಅಯಾನ್. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. 700ರವರೆಗೆ ಸ್ಕ್ಯಾನ್ ಮಾಡಿ. ಜರ್ಮೇನಿಯಂಗೆ 70, 72, 73, 74, 76 ಅಂತ ಐದು ಐಸೋಟೋಪ್ ಇರುವುದರಿಂದ ಒಂದೇ ಪರಮಾಣು ಇದ್ದರೆ ಗುಂಪಿನ ಆಕಾರ ಕಣ್ಣಿಗೆ ಪರಿಚಯವಾಗಿಬಿಡುತ್ತದೆ. ಎರಡಿದ್ದರೆ ಗುಂಪು ಅಗಲವಾಗಿ ಹರಡುತ್ತದೆ, ಎತ್ತರದ ಗೆರೆ 608ರ ಸುತ್ತ. ಸಣ್ಣದಾಗಿ ಬರಬಹುದು, ಗಮನವಿಟ್ಟು ಹುಡುಕಿ.

ಸಿಲಿಕಾನ್‌ನಲ್ಲಿ ನಡೆದದ್ದು ಇಲ್ಲಿ ಏಕೆ ನಡೆಯಲಿಲ್ಲ ಅಂತ ನಿಮಗೆ ಅನಿಸಿರುತ್ತದೆ. ಈಥರ್‌ನಲ್ಲಿ ಸಿಲಿಕಾನ್–ಕ್ಲೋರಿನ್ ಬಂಧ ಉಳಿದ ಮೆಗ್ನೀಷಿಯಂಗೆ ಸುಲಭವಾಗಿ ಬಗ್ಗುವುದಿಲ್ಲ. ಜರ್ಮೇನಿಯಂನದು ಬೇಗ ಬಗ್ಗುತ್ತದೆ. ರಚನೆಯಲ್ಲಿ ಮಾತ್ರ ಇವೆರಡೂ ಅಣ್ಣತಮ್ಮಂದಿರ ಹಾಗೆ. ಕಾರ್ಬನ್ ಬಂಧದ ಉದ್ದ ಸಿಲಿಕಾನ್‌ಗೆ 1.87 ಆಂಗ್‌ಸ್ಟ್ರಾಮ್, ಜರ್ಮೇನಿಯಂಗೆ 1.95. ಎರಡರ ಟೆಟ್ರಾಫೀನೈಲ್ ಹರಳುಗಳೂ ಒಂದೇ ಜೋಡಣೆಯವು. 1871ರಲ್ಲಿ ಮೆಂಡಲೀವ್ ಜರ್ಮೇನಿಯಂ ಅನ್ನು ನೋಡುವ ಮೊದಲೇ ಏಕಸಿಲಿಕಾನ್ (ಸಿಲಿಕಾನ್‌ನ ಕೆಳಗಿನ ಧಾತು) ಅಂತ ಕರೆದ. ಅದರ ಕ್ಲೋರೈಡ್ 100 ಡಿಗ್ರಿಗಿಂತ ಕೆಳಗೆ ಕುದಿಯುತ್ತದೆ ಅಂದಿದ್ದ. ಜರ್ಮನಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1886ರಲ್ಲಿ ಧಾತುವನ್ನು ಕಂಡುಹಿಡಿದು, ಮರುವರ್ಷವೇ ಡೈಈಥೈಲ್ ಜಿಂಕ್‌ನಿಂದ ಟೆಟ್ರಾಈಥೈಲ್‌ಜರ್ಮೇನ್ ಮಾಡಿದ. ಇಷ್ಟೊಂದು ಹೋಲಿಕೆ ಇರುವುದಕ್ಕೇ ಸಿಲಿಕಾನ್ ಮಾಡಿದ ಕೈ ಇಲ್ಲಿ ಎಡವುತ್ತದೆ. ನನಗೂ ಶುರುವಿನಲ್ಲಿ ಹೀಗೇ ಆಗಿತ್ತು.

ಮತ್ತೆ ಮಾಡುವಾಗ ಮೆಗ್ನೀಷಿಯಂ ಒಂಚೂರು ಮಾತ್ರ ಜಾಸ್ತಿ ಇರಲಿ, 1.3 ಗ್ರಾಂ ಸಾಕು. ಗ್ರಿನ್ಯಾರ್ಡ್ ಆದ ಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ, ತಳ ಕೂರಲಿ. ನೈಟ್ರೋಜನ್ ಕೆಳಗೆ ಗ್ಲಾಸ್ ವುಲ್ ಮೂಲಕ ಬೇರೆ ಫ್ಲಾಸ್ಕಿಗೆ ಸೋಸಿ. ಒಂದು ಮಿಲಿಲೀಟರ್ ತೆಗೆದು ಆಮ್ಲದಲ್ಲಿ ಹಾಕಿ ಟೈಟ್ರೇಟ್ ಮಾಡಿ, ಸೋಸಿದ್ದರಲ್ಲಿ ಎಷ್ಟು ಗ್ರಿನ್ಯಾರ್ಡ್ ಉಳಿದಿದೆ ತಿಳಿಯುತ್ತದೆ. ಟೆಟ್ರಾಕ್ಲೋರೈಡ್‌ಗೆ ಮೋಲ್ ಲೆಕ್ಕದಲ್ಲಿ ಐದು ಪಟ್ಟು ಇಲ್ಲದಿದ್ದರೆ ನಾಲ್ಕನೇ ಫೀನೈಲ್ ಸೇರಲು ಒದ್ದಾಡುತ್ತದೆ. ಉಳಿದದ್ದು ನೀವು ಮಾಡಿದಂತೆಯೇ ಸರಿ ಇದೆ. ಆಲ್ಕೋಹಾಲ್ ತೊಳೆತ ಬಿಡಬೇಡಿ, ಗ್ರಿನ್ಯಾರ್ಡ್ ಜೊತೆ ಹುಟ್ಟುವ ಕಲ್ಮಶ ಬೈಫೀನೈಲ್ ಅದರಲ್ಲೇ ಹೋಗುವುದು.

ಬೆಳಗಾವಿ_ಪುಣೆ

ಸರ್, 700ರವರೆಗೆ ಹಾಕಿದೆ. 608ರ ಸುತ್ತ ಅಗಲವಾದ ಸಣ್ಣ ಗುಡ್ಡ ಇದೆ! ಈಗಿರುವ 3.3 ಗ್ರಾಂ ಏನು ಮಾಡಲಿ? ಜರ್ಮೇನಿಯಂ ದುಬಾರಿ, ಬಿಸಾಡಲು ಮನಸ್ಸು ಬರುತ್ತಿಲ್ಲ.

ಮಾಟುಂಗಾ_ಹಳಬ

ಬಿಸಾಡಬೇಡಿ. ಸ್ವಲ್ಪ ಟಾಲೀನ್‌ನಲ್ಲಿ ಕುದಿಸಿ ಬಿಸಿಯಾಗಿಯೇ ಸೋಸಿ. ಡೈಜರ್ಮೇನ್ ಕಡಿಮೆ ಕರಗುತ್ತದೆ, ಬಹುಪಾಲು ಫಿಲ್ಟರ್ ಮೇಲೆ ನಿಲ್ಲುತ್ತದೆ. ಕೆಳಗಿಳಿದದ್ದು ಆರಿದಾಗ ಟೆಟ್ರಾಫೀನೈಲ್ ಹರಳುಗಟ್ಟುತ್ತದೆ. ಒಂದೇ ಸಲಕ್ಕೆ ಶುದ್ಧ ಆಗದಿದ್ದರೆ ಇನ್ನೊಮ್ಮೆ ಮಾಡಿ. ಡೈಜರ್ಮೇನ್‌ನ ಜರ್ಮೇನಿಯಂ–ಜರ್ಮೇನಿಯಂ ಬಂಧವನ್ನು ಪೊಟ್ಯಾಸಿಯಂನಿಂದ ಒಡೆದು ಜರ್ಮೈಲ್ ಅಯಾನ್ ಮಾಡಿಕೊಳ್ಳಬಹುದು. ಮುಂದೆ ನಿಮಗೇ ಬೇಕಾಗುತ್ತದೆ.

ಬೆಳಗಾವಿ_ಪುಣೆ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಸೋಸಿದ ಗ್ರಿನ್ಯಾರ್ಡ್‌ನಿಂದ ಮತ್ತೆ ಮಾಡಿದೆ. ಗ್ಲಾಸ್ ವುಲ್ ಮೇಲೆ ಬೂದು ಬಣ್ಣದ ಚೂರುಗಳು ನಿಂತದ್ದು ನೋಡಿದಾಗಲೇ ಅರ್ಥವಾಯಿತು, ಹಿಂದಿನ ಸಲ ಇವೆಲ್ಲ ಒಳಗೇ ಇದ್ದವಲ್ಲ. ಟಾಲೀನ್‌ನಿಂದ ಹರಳುಗಟ್ಟಿಸಿದ ಮೇಲೆ 2.9 ಗ್ರಾಂ, ಅಂದರೆ 76 ಶೇಕಡಾ. ಕ್ಯಾಪಿಲರಿಯಲ್ಲಿ 231ರಿಂದ 232ರೊಳಗೆ ಪೂರ್ತಿ ನೀರಾಯಿತು, ಒಂದು ಕಣವೂ ಉಳಿಯಲಿಲ್ಲ. ಹಳೆಯ ಪುಡಿಯನ್ನೂ ಬೇರ್ಪಡಿಸಿದೆ, ಡೈಜರ್ಮೇನ್ ಅರ್ಧ ಗ್ರಾಂ ಸಿಕ್ಕಿತು. ಸೀಸೆಗೆ ಹೆಸರು, ತಾರೀಖು ಬರೆದು ಡೆಸಿಕೇಟರ್‌ನಲ್ಲಿ ಇಟ್ಟಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್.